ರೈನೊನ ಪಿಕಪ್ಪೂ ಕೊರೀನಳ ಷರತ್ತೂ

ಸುಪೀರಿಯರ್ ಸರೋವರದ ದಡದಲ್ಲಿರುವ ಬೆಲ್ನಾಪ್ ಊರಿನಲ್ಲಿ ರೈನೊ ಹೌಟಲನಿಗೆ ತಲೆ ಕೊಡದ ಗಂಡಸೇ ಇಲ್ಲ. ಊರಿಗೆಲ್ಲ ಅವನೊಬ್ಬನೇ ಕ್ಷೌರಿಕ. ಕೈಯಲ್ಲಿ ಕತ್ತಿ ಹಿಡಿದು ಬಾಳು ಸವೆಸಿದವನಾದ್ದರಿಂದ ದನಿ ಎತ್ತರಿಸಿ ಗೊತ್ತಿಲ್ಲ. ಅರವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಆಗದಿರುವುದಕ್ಕೆ ವೈರಾಗ್ಯವೇನೂ ಕಾರಣವಲ್ಲ. ಪ್ರಾಯದಲ್ಲಿ ಒಬ್ಬಳನ್ನು ಮೆಚ್ಚಿಕೊಂಡು, ಅವಳಿಗೆ ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಕೂತ. ಯೋಚನೆ ಮುಗಿಯುವ ಹೊತ್ತಿಗೆ ಅವಳು ಮಗನ ಮೊದಲ ಕ್ಷೌರಕ್ಕೆ ಇವನ ಅಂಗಡಿಗೇ ಬಂದಿದ್ದಳು.

ಅಂಥವನು ಈಗ ಶಾಲಾ ಬಸ್ಸು ಓಡಿಸುವ ಕೊರೀನ್ ಟ್ರೆವಾರೊಳನ್ನು ಕಂಡರೆ ಕತ್ತರಿ ಎಲ್ಲಿಟ್ಟೆನೆಂದು ಮರೆಯುತ್ತಿದ್ದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಇವನದು ಅದೇ ಕಥೆ. ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು ನಕ್ಕು ಮಾತು ತೇಲಿಸಿದ್ದಳು. ನಾಲ್ಕನೆಯ ಸಲ ಚರ್ಚಿನ ಅಡುಗೆಮನೆಯಲ್ಲಿ ಕೇಳಿದ. ಅವಳು ಅಲ್ಲಿ ಪ್ಯಾಸ್ಟಿ ಎಂಬ ಮಾಂಸದ ಕಡುಬಿನ ಅಂಚು ಮಡಿಸುತ್ತ ನಿಂತಿದ್ದಳು.

"ನೋಡು ರೈನೊ, ನೀನು ಒಳ್ಳೆಯವನು. ಅದರಲ್ಲಿ ಎರಡು ಮಾತಿಲ್ಲ," ಎಂದಳು ಕೊರೀನ್. "ಗಾರ್ಡನ್ನೂ ಒಳ್ಳೆಯವನೇ ಇದ್ದ, ಟ್ರೇಲರನ್ನ ಹಿಂದಕ್ಕೆ ಬಿಡೋವರೆಗೂ."

ಗಾರ್ಡನ್ ಅವಳ ಮೊದಲ ಗಂಡ. ಆ ಸಂಗತಿ ಊರಿಗೇ ಗೊತ್ತು. ಬೇಸಿಗೆ ಬಂತೆಂದರೆ ಇಲ್ಲಿಯವರು ಗಾಲಿಯ ಪುಟ್ಟ ಮನೆಗಳನ್ನು ಪಿಕಪ್ಪಿಗೆ ಕಟ್ಟಿಕೊಂಡು ಸರೋವರದ ದಡಕ್ಕೆ ಹೊರಡುತ್ತಾರೆ. ಅಲ್ಲಿ ಎರಡು ಮರಗಳ ನಡುವಿನ ಜಾಗಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ನುಗ್ಗಿಸಬೇಕು. ಗಂಡ ಚಕ್ರ ಹಿಡಿದಿರುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಮೊದಲೇ ಬಂದು ಇಳಿದವರು ಒಲೆಯ ಮೇಲಿನ ಸಾಸೇಜು ಸೀಯುತ್ತಿದ್ದರೂ ಬಿಟ್ಟು, ಮಡಿಸುವ ಕುರ್ಚಿ ಹಾಕಿಕೊಂಡು ನೋಡಲು ಕೂರುತ್ತಾರೆ. ಇಷ್ಟು ಒಳ್ಳೆಯ ನಾಟಕ ಪುಕ್ಕಟೆ ಬೇರೆಲ್ಲೂ ಸಿಗುವುದಿಲ್ಲ. ಅಂಥ ಸಭೆಯ ಎದುರು ಗಾರ್ಡನ್ "ಕಣ್ಣು ಎಲ್ಲಿಟ್ಕೊಂಡಿದ್ದೀಯೇ ಕುರುಡಿ!" ಎಂದು ಅರಚಿದ್ದ. ಕೊರೀನ್ ತನ್ನ ಚೀಲ ತೆಗೆದುಕೊಂಡು ನಡೆದೇ ಊರಿಗೆ ವಾಪಸು ಬಂದಿದ್ದಳು.

"ನೀನೂ ಒಂದು ಟ್ರೇಲರ್ ಕಟ್ಕೊಂಡು ಬಾ," ಎಂದಳು ಈಗ. "ನೀನು ಓಡಿಸು, ನಾನು ಹಿಂದೆ ನಿಂತು ಕೈ ತೋರಿಸ್ತೀನಿ. ಅದು ಜಾಗಕ್ಕೆ ಹೋಗಿ ನಿಲ್ಲೋವರೆಗೂ ನೀನು ನನ್ನ ಮೇಲೆ ಕೂಗಾಡಲಿಲ್ಲ ಅನ್ನು, ಮದುವೆ. ಕೂಗಾಡಿದ್ಯೋ, ನಿನ್ನ ಮನೆ ನಿಂಗೆ, ನನ್ನ ಮನೆ ನಂಗೆ."

ರೈನೊ ಹಿಗ್ಗಿ ಹೀರೇಕಾಯಿಯಾದ. ಕೂಗಾಡದೆ ಇರುವುದು! ಅದೊಂದು ಷರತ್ತೇ? ಆವತ್ತು ಅಂಗಡಿಯಲ್ಲಿ ಒಬ್ಬನ ಮೀಸೆಯ ಅರ್ಧ ಹೋದದ್ದು ಈ ಸಂತೋಷದಲ್ಲೇ.

ಅವನ ಹತ್ತಿರ ಮಧ್ಯಮ ಗಾತ್ರದ ಪಿಕಪ್ ಒಂದಿತ್ತು. ಈ ಊರಿನಲ್ಲಿ ಪಿಕಪ್ ಎಂದರೆ ಆನೆಯಷ್ಟಿರಬೇಕು. ಇವನದನ್ನು ನೋಡಿದವರು "ಇದರ ತಾಯಿ ಎಲ್ಲಿ?" ಎಂದು ಕೇಳುತ್ತಿದ್ದರು. ಮೊಟ್ಟೆಯಂತಿದ್ದ ಒಂದು ಹಳೆಯ ಟ್ರೇಲರನ್ನು ರೈನೊ ಪಕ್ಕದೂರಿನಿಂದ ತರಿಸಿದ. ಒಳಗೆ ಒಂದು ಮಂಚ, ಒಂದು ಒಲೆ, ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಷ್ಟು ಜಾಗ. ಆ ಮೊಣಕೈಯನ್ನು ನೆನೆದೇ ಅವನ ಕಿವಿ ಕೆಂಪಾಯಿತು.

ಅಂಗಡಿಗೆ ಬಂದವರಿಂದ ತಲೆಗೊಂದು ಸಲಹೆ ಬಂತು. ಒಬ್ಬ ಸ್ಪ್ರಿಂಗ್ ಬದಲಿಸು ಎಂದ. ಇನ್ನೊಬ್ಬ ಪಿಕಪ್ಪನ್ನೇ ಬದಲಿಸು ಎಂದ. ಕೊನೆಗೆ ಕೈ ಹಿಡಿದವನು ಗ್ಯಾರೇಜಿನ ಆರ್ವೊ ಪೆಲ್ಟೊ. ಚಿಕ್ಕಂದಿನಿಂದ ಜೊತೆಗೆ ಮೀನು ಹಿಡಿದವನು, ಬಾಯಿ ಮಾತ್ರ ಬಹಳ ಉದ್ದ.

"ಎಷ್ಟು ಎಳೆಯುತ್ತೆ ಅಂತ ಕೇಳೋನು ದಡ್ಡ ಕಣಯ್ಯಾ," ಎಂದ ಆರ್ವೊ. "ಎಳೆದದ್ದನ್ನ ನಿಲ್ಲಿಸುತ್ತಾ ಅಂತ ಕೇಳು." ಎಂದವನೇ ಟ್ರೇಲರಿನ ಬ್ರೇಕು ಹಿಡಿಯುವ ಒಂದು ಪುಟ್ಟ ಪೆಟ್ಟಿಗೆಯನ್ನು ಸ್ಟಿಯರಿಂಗ್ ಚಕ್ರದ ಪಕ್ಕದಲ್ಲಿ ಕೂರಿಸಿದ. ಹಿಂದಿನ ದೀಪಗಳಿಗೆ ತಂತಿ ಎಳೆದ. ಅಗಲವಾದ ಕನ್ನಡಿಗಳನ್ನು ಎರಡೂ ಕಡೆ ತಗುಲಿಸಿದ. ಪಿಕಪ್ಪಿಗೆ ಕಿವಿ ಮೂಡಿದ ಹಾಗಾಯಿತು.

ಪಿಕಪ್ಪಿನ ಹಿಂದೆ ದೋಣಿ ಎಳೆಯಲು ಹಾಕಿದ್ದ ಉಕ್ಕಿನ ಗುಂಡು ಮೊದಲೇ ಇತ್ತು. ರೈನೊ ಟ್ರೇಲರಿನ ಮುಂದೆ ಚಾಚಿಕೊಂಡಿದ್ದ ಮೂತಿಯನ್ನು ಅದರ ಮೇಲೆ ಕೂರಿಸಿ, ಚಿಲಕ ಹಾಕಿ, ಕೈ ಒರೆಸಿಕೊಂಡ. ಆರ್ವೊ ಬಂದು ಮೂತಿಗೆ ಕೈ ಕೊಟ್ಟು ಎತ್ತಿದ. ಅದು ಟೊಪ್ಪಿಗೆ ತೆಗೆದಷ್ಟು ಸಲೀಸಾಗಿ ಕಳಚಿ ಬಂತು.

"ದೋಣಿ ಗುಂಡಿಗೆ ಮನೆ ಸಿಕ್ಕಿಸ್ತೀಯೇನೋ! ಚಿಕ್ಕ ಉಂಗುರ ಆದ್ರೆ ಬೆರಳಿಗೆ ಹೋಗಲ್ಲ, ಅಷ್ಟೆ. ಚಿಕ್ಕ ಗುಂಡಾದ್ರೆ ರಸ್ತೆಯ ಮೊದಲನೇ ಗುಂಡೀಲೇ ಮದುವೆ ಒಂದು ಕಡೆ, ನೀನು ಒಂದು ಕಡೆ."

ದೊಡ್ಡ ಗುಂಡು ಬಂತು. ಅದರ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಕಟ್ಟಿದ್ದಾಯಿತು. ಇನ್ನು ಮೂತಿಯ ಭಾರ ನೋಡಬೇಕು. ಒಟ್ಟು ತೂಕದ ಎಂಟರಲ್ಲೊಂದು ಪಾಲಾದರೂ ಮೂತಿಯ ಮೇಲೆ ಬೀಳದಿದ್ದರೆ ಟ್ರೇಲರ್ ದಾರಿಯಲ್ಲಿ ತೂಗಾಡುತ್ತದೆ ಎಂದ ಆರ್ವೊ. ಅದನ್ನು ತೂಗುವುದು ಬಚ್ಚಲುಮನೆಯಲ್ಲಿ ಜನ ನಿಂತು ನೋಡಿಕೊಳ್ಳುವ ತಕ್ಕಡಿಯಲ್ಲೇ. ರೈನೊನ ಮನೆಯಲ್ಲಿ ಅದಿರಲಿಲ್ಲ. ಕೊರೀನಳ ಬಾಗಿಲು ತಟ್ಟಿದ.

"ತಕ್ಕಡಿ ಯಾಕೆ? ನನ್ನ ತೂಕ ಯಾರಿಗೆ ಬೇಕಾಗಿತ್ತು?"

"ನಿಂದಲ್ಲ, ಕೊರೀನ್. ಮೂತಿ ತೂಕ."

"ಯಾರ ಮೂತಿ?"

ವಿಷಯ ತಿಳಿಯಾಗುವ ಹೊತ್ತಿಗೆ ಅವಳು ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದಳು. ಆ ನಗು ರೈನೊನ ಬೆನ್ನಿಗೇ ಅಂಟಿಕೊಂಡು ಗ್ಯಾರೇಜಿನವರೆಗೂ ಬಂತು. ತೂಕ ಸರಿಯಾಗಿತ್ತು. ಆರ್ವೊ ಮೂತಿಯನ್ನು ತಟ್ಟಿ, "ಇನ್ನು ಒಂದು ಚಮಚಾನೂ ಆಚೀಚೆ ಮಾಡ್ಬೇಡ," ಎಂದ.

ಚಮಚವನ್ನು ರೈನೊ ಮುಟ್ಟಲಿಲ್ಲ. ಆದರೆ ಅವನ ಮೈಯಲ್ಲಿ ಹರಿಯುವುದು ಫಿನ್ನರ ರಕ್ತ. ಕಲ್ಲು ಕಾಯಿಸಿ, ನೀರೆರಚಿ, ಹಬೆಯಲ್ಲಿ ಬೆವರುವ ಸೌನಾ ಇಲ್ಲದ ಕಡೆ ಆ ಜನ ಸ್ವರ್ಗವಾದರೂ ಬೇಡ ಎನ್ನುತ್ತಾರೆ. ಹೊರಡುವ ಬೆಳಿಗ್ಗೆ ಅವನು ಗುಡಾರದ ಸೌನಾವನ್ನೂ ಅದರ ಕಲ್ಲುಗಳನ್ನೂ ಟ್ರೇಲರಿನ ಹಿಂಬದಿಯ ಮಂಚದ ಕೆಳಗೆ ತುರುಕಿದ. ಯಾರಿಗೂ ಹೇಳಲಿಲ್ಲ. ಸೌನಾವನ್ನು ಸಾಮಾನೆಂದು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಊರು ದಾಟಿ ಇಳಿಜಾರು ಹಿಡಿದದ್ದೇ ತಡ, ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಇನ್ನೂ ಹೆಚ್ಚು ಎಡಕ್ಕೆ. ಪಿಕಪ್ಪಿನ ಹಿಂಭಾಗವೂ ಅದರ ಜೊತೆ ಕುಣಿಯಿತು. ರೈನೊನ ಜೀವ ಬಾಯಿಗೆ ಬಂತು. ಆರ್ವೊ ಹೇಳಿಕೊಟ್ಟ ಹಾಗೆ ಕಾಲನ್ನು ಬ್ರೇಕಿಗೆ ಒಯ್ಯದೆ, ಪುಟ್ಟ ಪೆಟ್ಟಿಗೆಯ ಗುಂಡಿಯನ್ನು ಬೆರಳಿನಿಂದ ಅದುಮಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸಿದ. ಗಾಡಿ ನೆಟ್ಟಗಾಗಿ ಅಂಚಿನಲ್ಲಿ ನಿಂತಿತು.

ಪಕ್ಕದಲ್ಲಿ ಕೂತಿದ್ದ ಕೊರೀನ್ ಇಳಿದು ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದಳು.

"ರೈನೊ, ಇಲ್ಲಿ ಕಲ್ಲಿದೆ."

"ಹೂಂ."

"ದಡದ ತುಂಬ ಬರೀ ಕಲ್ಲೇ ಇರೋ ಸರೋವರಕ್ಕೆ ನೀನು ಮನೆಯಿಂದ ಕಲ್ಲು ಹೊತ್ಕೊಂಡು ಬರ್ತಿದ್ದೀಯಾ?"

"ನೀರಲ್ಲಿ ನೆನೆದ ಕಲ್ಲು ಕಾದ್ರೆ ಸಿಡಿಯುತ್ತೆ ಕೊರೀನ್. ಇವು ನಮ್ಮ ಅಜ್ಜನ ಕಾಲದ್ದು. ನಂಬಿಕಸ್ತ ಕಲ್ಲು."

ಅವಳು ರಸ್ತೆಯ ಅಂಚಿನಲ್ಲಿ ಕುಕ್ಕರುಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಬ್ಬರೂ ಸೇರಿ ನಂಬಿಕಸ್ತ ಕಲ್ಲುಗಳನ್ನೆಲ್ಲ ಪಿಕಪ್ಪಿನ ಮುಂಭಾಗಕ್ಕೆ ಸಾಗಿಸಿದರು. ಆಮೇಲೆ ಟ್ರೇಲರ್ ಸಾಧುವಾಗಿ ಹಿಂದೆ ಬಂತು. ರೈನೊ ಶಿಳ್ಳೆ ಹಾಕಿದ. ಅರ್ಧ ಮದುವೆ ಮುಗಿದೇಹೋಯಿತೆಂದು ಅವನ ಲೆಕ್ಕ.

ದಡದಲ್ಲಿ ಕುರ್ಚಿಗಳು ಆಗಲೇ ಸಾಲಾಗಿ ಕೂತಿದ್ದವು. ಆರ್ವೊ ಕುಟುಂಬಸಮೇತ ಹಿಂದಿನ ದಿನವೇ ಬಂದಿದ್ದ. ಅವನು ಬಂದನೆಂದರೆ ಷರತ್ತಿನ ಸುದ್ದಿಯೂ ಬಂತೆಂದೇ ಅರ್ಥ. ನಾಯಿಗಳೂ ನೋಡಲು ಕೂತಿದ್ದವು.

ಕನ್ನಡಿ ನೋಡಿಯೇ ಹೊಟ್ಟೆ ಹೊರೆದ ತನಗೆ ಹಿಮ್ಮುಖ ಯಾವ ಮಹಾ ಎಂದು ರೈನೊ ಅಂದುಕೊಂಡಿದ್ದ. ಆದರೆ ಚಕ್ರ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದರೆ ಮರಕ್ಕೇ ಹೋಯಿತು.

"ಬಲಕ್ಕೆ!" ಎಂದು ಹಿಂದಿನಿಂದ ಕೊರೀನ್ ಕೈ ಬೀಸಿದಳು.

"ನನ್ನ ಬಲಾನೋ, ನಿನ್ನ ಬಲಾನೋ?"

"ಟ್ರೇಲರ್ ಬಲ!"

"ಅದರ ಮುಖ ಯಾವ ಕಡೆಗಿದೆ ಅಂತ ಇಟ್ಕೊಳ್ಳಲಿ?"

ಕುರ್ಚಿಗಳು ನಕ್ಕವು. ರೈನೊ ಮುಂದೆ ಬಂದ, ಹಿಂದೆ ಹೋದ. ಮತ್ತೆ ಮುಂದೆ, ಮತ್ತೆ ಹಿಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ನಿಜಕ್ಕೂ ಡೊಂಕಾಗಿತ್ತು. ಕೊರೀನ್ ಒಮ್ಮೆ ನಿಲ್ಲು ಎಂದು ಕೈ ಎತ್ತಿದ್ದನ್ನು ಅವನು ಬಾ ಎಂದು ತಿಳಿದ. ಟ್ರೇಲರಿನ ಹಿಂದಿನ ಮೂಲೆ ಅಲ್ಲಿ ಹಾಕಿದ್ದ ಊಟದ ಮೇಜಿಗೆ ಕಚ್ಚಿಕೊಂಡಿತು.

"ನೀನೇ ಓಡಿಸ್ತೀಯಾ ಕೊರೀನ್?" ಎಂದು ಕಿಟಕಿಯಿಂದ ಮೆತ್ತಗೆ ಕೇಳಿದ.

"ನಾನಾ? ಬಸ್ಸನ್ನ ರಿವರ್ಸ್ ಹಾಕ್ಬಾರ್ದು ಅನ್ನೋದೇ ನಮಗೆ ಕಲಿಸಿದ ಮೊದಲ ಪಾಠ. ಹಿಂದೆ ಮಕ್ಕಳಿರ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಹಿಂದಕ್ಕೆ ಬಿಟ್ಟಿಲ್ಲಪ್ಪ."

ರೈನೊ ಮತ್ತೆ ಚಕ್ರ ಹಿಡಿದ. ಈ ಸಲ ಟ್ರೇಲರ್ ಪಿಕಪ್ಪಿಗೇ ಅಡ್ಡಲಾಗಿ ಮಡಿಚಿಕೊಂಡು, ದಾರಿಯನ್ನೆಲ್ಲ ಕಟ್ಟಿ ನಿಂತಿತು. "ಬಲಕ್ಕೆ ಅಂದೆನಲ್ಲೋ!" ಎಂದಳು ಕೊರೀನ್. ಬಲಕ್ಕೇ ತಿರುಗಿಸಿದ್ದೆನಲ್ಲ! ಅವನು ಬಾಳಿನಲ್ಲಿ ನುಂಗಿದ್ದ ಕೂಗೆಲ್ಲ ಒಟ್ಟಾಗಿ ಗಂಟಲಿಗೆ ಬಂದ ಹಾಗಿತ್ತು. ಬಾಯಿ ತೆರೆದೂಬಿಟ್ಟ. ಕನ್ನಡಿಯಲ್ಲಿ ಕೊರೀನಳ ಮುಖ ಕಂಡಿತು. ಅವಳು ಕೈ ಇಳಿಸಿ, ಏಟು ಬೀಳುವುದನ್ನು ಕಾಯುವವರ ಹಾಗೆ ನಿಂತಿದ್ದಳು.

ರೈನೊ ಬಾಯಿ ಮುಚ್ಚಿದ. ಎಂಜಿನ್ ಆರಿಸಿದ. ಕೆಳಗಿಳಿದು, ಕುರ್ಚಿಗಳ ಸಾಲನ್ನು ದಾಟಿ, ನೇರವಾಗಿ ನೀರಿನೊಳಕ್ಕೆ ಮೊಣಕಾಲುದ್ದ ನಡೆದ. ಬೂಟನ್ನೂ ಬಿಚ್ಚಲಿಲ್ಲ. ಸರೋವರಕ್ಕೆ ಮುಖ ಮಾಡಿ ನಿಂತು, "ಪೇರ್ಕೆಲೇ!" ಎಂದು ತನ್ನ ಅಜ್ಜನ ಭಾಷೆಯಲ್ಲಿ ಸೈತಾನನ ಹೆಸರು ಹಿಡಿದು ಅರಚಿದ. ಕೊಕ್ಕರೆಗಳು ಎದ್ದು ಹಾರಿದವು. ಸಾಲದೆಂದು ಇನ್ನೊಮ್ಮೆ ಅರಚಿದ. ಆಮೇಲೆ ಪಚಪಚ ಸದ್ದು ಮಾಡುತ್ತ ವಾಪಸು ಬಂದು, ಒಡೆದ ಗಂಟಲಲ್ಲಿ, "ಬಲಕ್ಕೆ ಅಂದ್ಯಲ್ಲ ಕೊರೀನ್, ಎಷ್ಟು ಬಲಕ್ಕೆ?" ಎಂದು ಕೇಳಿದ.

ಕುರ್ಚಿಗಳಲ್ಲಿ ನ್ಯಾಯಪಂಚಾಯಿತಿ ಶುರುವಾಯಿತು. ಕೂಗಿದ್ದು ಕೂಗಿದ್ದೇ ಎಂದರು ಅರ್ಧ ಜನ. ಅವಳ ಮೇಲಲ್ಲ ಎಂದರು ಇನ್ನರ್ಧ. "ನಾನು ಅವನ ಕಡೆ," ಎಂದು ಆರ್ವೊ ಎದ್ದೇ ನಿಂತ. ಕೊರೀನ್ ಯಾರ ಮಾತೂ ಕೇಳದೆ ರೈನೊನ ಒದ್ದೆ ಬೂಟುಗಳನ್ನೇ ನೋಡುತ್ತಿದ್ದಳು.

"ಕಳಚ್ರಪ್ಪ ಇದನ್ನ," ಎಂದಳು ಕೊನೆಗೆ. "ಎಲ್ರೂ ಬನ್ನಿ, ಕೈಯಲ್ಲೇ ತಳ್ಳೋಣ."

ಕುರ್ಚಿಗಳೆಲ್ಲ ಖಾಲಿಯಾದವು. ಮೊಟ್ಟೆಯಂಥ ಟ್ರೇಲರಿಗೆ ಅಷ್ಟು ಕೈ ಹೆಚ್ಚೇ ಆಯಿತು. ರೈನೊ ಮೂತಿ ಹಿಡಿದು ತಿರುಗಿಸಿದ. ಅದು ಮರಗಳ ನಡುವೆ ಒಂದೇ ಉಸಿರಿಗೆ ಹೋಗಿ, ಸ್ವಲ್ಪ ವಾರೆಯಾಗಿ, ನೀರಿನ ಕಡೆಗೆ ಇಳಿಜಾರಿದ್ದ ಜಾಗದಲ್ಲಿ ನಿಂತಿತು. ಮೂತಿ ಹಿಡಿದೇ ನಿಂತಿದ್ದ ರೈನೊನ ಪಕ್ಕಕ್ಕೆ ಕೊರೀನ್ ಬಂದಳು.

"ಗಾರ್ಡನ್ ನನ್ನ ಮೇಲೆ ಅರಚಿದ್ದೂ ಇದೇ ದಡದಲ್ಲೇ ಕಣೋ," ಎಂದಳು ಮೆಲ್ಲಗೆ. "ಅವತ್ತೂ ಸರೋವರ ಕೂಗಳತೆಯಲ್ಲೇ ಇತ್ತು. ಅವನು ಆ ಕಡೆ ತಿರುಗ್ಲೇ ಇಲ್ಲ."

ರೈನೊಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಎರಡೂ ಕೈ ಮೇಲೆತ್ತಿ, "ಹಾಗಾದ್ರೆ ಮದುವೆ?" ಎಂದ.

"ಮದುವೇನೇ ಕಣೋ!" ಎಂದು ಕೊರೀನ್ ಇಡೀ ದಡ ಬೆಚ್ಚುವ ಹಾಗೆ ಕೂಗಿದಳು. "ಮೂತಿ ಯಾಕೋ ಬಿಟ್ಟೆ, ಹಿಡಿಯೋ ಅದನ್ನ, ನೀರಿಗೆ ಹೋಗ್ತಿದೆ!"