ಹುಲಿಗವ್ವನ ಒಡೆದ ಹಲ್ಲು

ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯಲ್ಲಿ ಹುಲಿಗವ್ವ ಹಲ್ಲುನೋವಿಗೆ ಗುಳ್ಳದ, ಅಂದರೆ ಕಾಡುಬದನೆಯ, ಬೀಜದ ಹೊಗೆ ಹಾಕುತ್ತಿದ್ದಳು. ಹೊಗೆಗೆ ಹಲ್ಲಿನ ಹುಳ ಸಾಯುತ್ತದೆಂದು ಊರೆಲ್ಲ ನಂಬಿತ್ತು.

1938ರಲ್ಲಿ ಬಿಟ್ಟಿ ಚಾಕರಿಗೆ ತಡವಾಗಿ ಬಂದಳೆಂದು ಪಟೇಲ ದ್ಯಾವನಗೌಡ ಬಡಿಗೆಯಿಂದ ಅವಳ ಬಾಯಿಗೇ ಹೊಡೆದ. ಮುಂದಿನ ಹಲ್ಲು ಅರ್ಧ ಮುರಿಯಿತು. ತಣ್ಣೀರು ತಾಗಿದರೆ ಜುಂ ಎನ್ನುತ್ತಿತ್ತು. ಆದರೂ ಅವಳು ಅದನ್ನು ಕೀಳಿಸಲಿಲ್ಲ.

ಹಲ್ಲಿನೊಳಗಿನ ತಿರುಳಿನಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳಿವೆ. ಗಾಯವಾದರೆ ಅವು ಎಳೆ ನೇಯ್ದು ತಿರುಳನ್ನು ಉಳಿಸಲು ಹೆಣಗುತ್ತವೆ. ಹುಲಿಗವ್ವನಿಗೆ ಆ ಹೆಸರು ಗೊತ್ತಿರಲಿಲ್ಲ. ನೋಯುವ ಹಲ್ಲಿನಲ್ಲಿ ಜೀವವಿದೆ, ಹುಳುಕಿನ ನೋವು ತಟ್ಟನೆ ನಿಂತರೆ ಒಳಗೆ ಸತ್ತಿದೆ ಎಂಬುದು ಮಾತ್ರ ಊರವರ ಬಾಯಿ ನೋಡಿ ನೋಡಿ ಗೊತ್ತಿತ್ತು.

ವರ್ಷಗಳು ಕಳೆದ ಮೇಲೆ ಅದೇ ಗೌಡ ಹುಳುಕು ಹಲ್ಲಿನ ನೋವಿಗೆ ದವಡೆ ಹಿಡಿದುಕೊಂಡು ಬಂದ. ಹೊಗೆ ಹಾಕಿದಳು. ಮರುದಿನ ನಗುತ್ತ ಬಂದ. "ನೋವು ಪೂರಾ ಹೋತು ನೋಡ, ಹುಲಿಗಿ! ಕೊಪ್ಪಳದ ದವಾಖಾನಿಗೆ ಹೋಗೂದು ತಪ್ಪಿತು."

ಹಲ್ಲು ಸತ್ತಿತ್ತು. ಇನ್ನು ಕೀವು ದವಡೆಗೆ ಇಳಿಯುತ್ತದೆ. ಬೇರೆ ಯಾರೇ ಆಗಿದ್ದರೂ ಅವಳು ಬೈದು ದವಾಖಾನೆಗೆ ಓಡಿಸುತ್ತಿದ್ದಳು.

"ಭಾಳ ಛಲೋ ಆತ್ರಿ ಗೌಡ್ರ," ಎಂದಳು. "ಆರಾಮ ಮನಿಗೆ ಹೋಗ್ರಿ."

ಅವನು ಹೋದ ಮೇಲೆ ಕೊಡದ ತಣ್ಣೀರನ್ನು ಬಾಯಿ ತುಂಬ ತುಂಬಿಕೊಂಡಳು. ಒಡೆದ ಹಲ್ಲು ಜುಂ ಎಂದಿತು. ಅವಳು ನೀರನ್ನು ನುಂಗದೆ ಹಾಗೆಯೇ ಹಿಡಿದುಕೊಂಡು ನಿಂತಳು.