ಊಟಿ ಗಿಡಕ್ಕೆ ಸುಣ್ಣ

ಒಣಗಿದ ಕಡ್ಡಿ ಚುಚ್ಚಿದರೂ ನಮ್ಮಕ್ಕನ ಕೈಯಲ್ಲಿ ಚಿಗುರುತ್ತದೆ ಎಂದು ಬ್ಯಾಡಗಿಯ ಅವಳ ಓಣಿಯವರೆಲ್ಲ ಹೇಳುತ್ತಿದ್ದರು. ಅಂಥ ಕೈಗುಣ. ಕದರಮಂಡಲಗಿ ದಾರಿಯಲ್ಲಿರುವ ಅವರ ಹೊಲದಲ್ಲಿ ವರ್ಷವರ್ಷವೂ ಮೆಣಸಿನ ಸಸಿಮಡಿಗೆ ಮೊದಲ ಹಿಡಿ ಬೀಜ ಹಾಕುತ್ತಿದ್ದವಳು ಅವಳೇ. ಅಕ್ಕಪಕ್ಕದ ಹೊಲದವರೂ ಕರೆದೊಯ್ದು ಅವಳಿಂದಲೇ ಬೀಜ ಹಾಕಿಸಿ, ಉಡಿ ತುಂಬಿ ಕಳಿಸುತ್ತಿದ್ದರು.

ಭಾವ ತೀರಿಕೊಂಡ ವರ್ಷ ಯಾರೂ ಕರೆಯಲಿಲ್ಲ. ಮೊದಲ ಹಿಡಿ ಮುತ್ತೈದೆಯ ಕೈಯಿಂದಲೇ ಬೀಳಬೇಕಂತೆ. ಸ್ವಂತ ಹೊಲದಲ್ಲೇ ಅವಳ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಬೀಜ ಹಾಕಿದಳು. ಅಕ್ಕ ಬುತ್ತಿಗಂಟು ಹಿಡಿದು ಬದುವಿನ ಮೇಲೆ ನಿಂತಿದ್ದಳು. ರಾಣೆಬೆನ್ನೂರಿನಿಂದ ಹೋಗಿದ್ದ ನನಗೆ ಮೈಯೆಲ್ಲ ಉರಿಯಿತು. ಗಂಡ ಹೋದರೆ ಕೈ ಹೇಗೆ ಕೆಡುತ್ತದೆ ಎಂದು ಕೇಳಿಯೇಬಿಟ್ಟೆ. ಹಿರಿಯರು ಮಾಡಿಟ್ಟದ್ದು ಎಂದ ಮೈದುನ. ಅಕ್ಕ ನನ್ನ ಸೆರಗು ಜಗ್ಗಿ ಸುಮ್ಮನಾಗಿಸಿದಳು. ಆಮೇಲೆ ಅಂಗಳದ ಕುಂಡಗಳಿಗೆ ನೀರು ಹಾಕುವುದನ್ನೂ ಬಿಟ್ಟಳು.

ಶ್ರಾವಣದಲ್ಲಿ ನಾನು ಹಟ ಹಿಡಿದು ಅವಳನ್ನು ಊಟಿಗೆ ಕರೆದುಕೊಂಡು ಹೋದೆ. ಕೆರೆ ತೋರಿಸಿದೆ, ತೋಟ ತೋರಿಸಿದೆ. ಎಲ್ಲದಕ್ಕೂ ಹೂಂ ಎಂದಳು, ಅಷ್ಟೆ. ರಸ್ತೆ ಬದಿಯ ನರ್ಸರಿಯೊಂದರಲ್ಲಿ ಮಾತ್ರ ನಿಂತುಬಿಟ್ಟಳು. ಮೊಣಕಾಲೆತ್ತರವೂ ಇಲ್ಲದ ಪೊದೆ, ಸೂಜಿಯಂಥ ಎಲೆ, ಜೋಳದ ಕಾಳಿನಷ್ಟು ಗುಲಾಬಿ ಬಣ್ಣದ ಹೂ. ಹೆದರ್ ಎಂಬ ಬೆಟ್ಟದ ಗಿಡವಂತೆ. ನರ್ಸರಿಯವನು ನಮ್ಮ ಊರು ಕೇಳಿ, ಎರೆಮಣ್ಣಿನ ಸೀಮೆಯಲ್ಲಿ ಇದು ಬದುಕುವುದಿಲ್ಲ, ಬೇರೆ ಏನಾದರೂ ಒಯ್ಯಿರಿ ಎಂದ. ಅದಕ್ಕೆ ಹುಳಿ ಮಣ್ಣು ಬೇಕು, ಬೇರು ತಂಪಾಗಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಸುಣ್ಣದ ಅಂಶವಂತೂ ಸೋಕಲೇಬಾರದು. ಕೇಳುತ್ತ ಕೇಳುತ್ತ ಅಕ್ಕನ ಮುಖಕ್ಕೆ ಹಳೆಯ ಮೊಂಡುತನ ಬಂತು.

"ಯಾರ ಕೈಯಾಗೂ ಬರೂದಿಲ್ಲಂದ್ರ ಅದನ್ನ ಕೊಡ್ರಿ," ಎಂದಳು. "ನನ್ನ ಕೈ ಸತ್ತೈತೋ ಇಲ್ಲೋ, ನಾನೂ ನೋಡ್ತೇನಿ."

ಬ್ಯಾಡಗಿಯವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಆಮೇಲೆ ಶುರುವಾಯಿತು ಬಾಣಂತನ. ಹೊಲದ ಎರೆಮಣ್ಣನ್ನು ಅದರ ಹತ್ತಿರ ಸುಳಿಯಗೊಡಲಿಲ್ಲ. ಹಾನಗಲ್ ಕಡೆಯಿಂದ ಕೆಂಪು ಮಣ್ಣು ತರಿಸಿ, ತೆಂಗಿನ ನಾರಿನ ಪುಡಿ, ಕೊಳೆತ ಎಲೆ, ಉಸುಕು ಬೆರೆಸಿ ಮಣ್ಣಿನ ಕುಂಡಕ್ಕೆ ತುಂಬಿದಳು. ಸಿಮೆಂಟ್ ಕುಂಡ ಬೇಡವೇ ಬೇಡ. ಬೋರ್ ನೀರು ಕಾಸಿದರೆ ಪಾತ್ರೆಗೆ ಬಿಳಿ ಪದರ ಹಿಡಿಯುವ ಊರು. ಹಾಗಾಗಿ ಮಾಳಿಗೆಯ ಮಳೆನೀರನ್ನು ನೀಲಿ ಡ್ರಮ್ಮುಗಳಿಗೆ ಇಳಿಸಿ ಮುಚ್ಚಿಟ್ಟಳು. ಆ ನೀರನ್ನು ಮನೆಮಂದಿ ಮುಟ್ಟುವಂತಿಲ್ಲ. ಬುಡ ತಂಪಾಗಿರಲೆಂದು ಮೆಣಸಿನಕಾಯಿಯಿಂದ ಬಿಡಿಸಿ ಬಿಸಾಡಿದ ತೊಟ್ಟುಗಳನ್ನು ತಂದು ಹೊದಿಸಿದಳು. ಬಗ್ಗಿ ನೋಡಲು ಹೋಗಿ ನಾನು ಸೀನಿ ಸೀನಿ ಸುಸ್ತಾದೆ. ಪಾಪ, ಊಟಿಯಲ್ಲಿ ಹುಟ್ಟಿ ಬ್ಯಾಡಗಿಯ ಖಾರ ತಿನ್ನುವುದು ಅದರ ಹಣೆಯಲ್ಲಿ ಬರೆದಿತ್ತು ಎಂದೆ. ಅಕ್ಕ ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ದೀಪಾವಳಿಗೆ ಮುಂಚೆ ಅಕ್ಕ ನಾಲ್ಕು ದಿನ ನನ್ನ ಮನೆಗೆ ಬಂದಿದ್ದಳು. ಡ್ರಮ್ಮಿನ ನೀರನ್ನೇ ಹಾಕು ಎಂದು ನೆಗೆಣ್ಣಿಗೆ ಹತ್ತು ಸಲ ಹೇಳಿ ಬಂದಿದ್ದಳು. ಸುಣ್ಣದ ಮಾತು ಹೇಳಿರಲಿಲ್ಲ. ಗಿಡಕ್ಕೆ ಯಾರು ಸುಣ್ಣ ತಿನ್ನಿಸುತ್ತಾರೆ? ಹಬ್ಬಕ್ಕೆ ಇಬ್ಬರೂ ಸೇರಿ ಬ್ಯಾಡಗಿಗೆ ಹೋದರೆ, ಮನೆಗೆಲ್ಲ ಸುಣ್ಣವಾಗಿದೆ. ತುಳಸಿಕಟ್ಟೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆದಿದ್ದಾರೆ. ಅದರ ಪಕ್ಕದಲ್ಲಿ ಊಟಿ ಗಿಡದ ಕುಂಡಕ್ಕೂ ಅದೇ ಸುಣ್ಣ, ಅದೇ ಪಟ್ಟಿ. ಅಕ್ಕ ಇಷ್ಟು ಜೀವ ಇಟ್ಟ ಗಿಡ ಹಬ್ಬದ ದಿನ ಬೋಳಾಗಿ ನಿಲ್ಲಬಾರದೆಂದು ನೆಗೆಣ್ಣಿ ತುಳಸಿಗೆ ಮಾಡುವ ಮರ್ಯಾದೆಯನ್ನೇ ಅದಕ್ಕೂ ಮಾಡಿದ್ದಳು. ಸಾಲದ್ದಕ್ಕೆ, ಹುಳ ಹತ್ತದಿರಲೆಂದು ಉಳಿದ ಸುಣ್ಣದ ನೀರನ್ನು ಬುಡಕ್ಕೆ ಸುರಿದಿದ್ದಳು. ಎಲೆ ಆಗಲೇ ಹಳದಿಗೆ ತಿರುಗಿತ್ತು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ನಾನು ಅಂದೆ. ಅಕ್ಕ ಹಬ್ಬದ ಅಡಿಗೆ ಬಿಟ್ಟು ಕುಂಡವನ್ನು ಮಗುಚಿ, ಮಣ್ಣು ಉದುರಿಸಿ, ಮಳೆನೀರಿನಲ್ಲಿ ಬೇರು ಅದ್ದಿ ಅದ್ದಿ ತೊಳೆದಳು. ವಿಷಯ ತಿಳಿದ ನೆಗೆಣ್ಣಿ ಬಕೆಟ್ಟು ಹಿಡಿದು ಅಳುತ್ತ ನಿಂತಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಗೊಣಗಿದೆ. ಅಕ್ಕ ನನ್ನನ್ನೇ ಗದರಿ, ಹೊಸ ಕುಂಡ ತರಲು ಕಳಿಸಿದಳು.

ಚಳಿಗಾಲವೆಲ್ಲ ಗಿಡ ಕಸಬರಿಗೆಯ ಹಾಗೆ ನಿಂತಿತ್ತು. ಅಕ್ಕ ಆಗಾಗ ಉಗುರಿನಿಂದ ಒಂದು ಕಡ್ಡಿ ಕೆರೆದು ಒಳಗೆ ಹಸಿರಿದೆಯೇ ನೋಡುವಳು. ನೆಗೆಣ್ಣಿ ಅವಳ ಹೆಗಲ ಹಿಂದಿನಿಂದ ಇಣುಕುವಳು. ಶಿವರಾತ್ರಿ ಹೊತ್ತಿಗೆ ಬುಡದಲ್ಲಿ ಚಿಗುರು ಕಾಣಿಸಿತು. ಬಿಸಿಲು ಏರಿದ ಮೇಲೆ ಕುಂಡಕ್ಕೆ ಹಸಿ ಗೋಣಿಚೀಲ ಸುತ್ತಿದರು. ಅದನ್ನು ಒಣಗಗೊಡದೆ ಡ್ರಮ್ಮಿನ ನೀರಿನಿಂದಲೇ ನೆನೆಸುವ ಕೆಲಸವನ್ನು ನೆಗೆಣ್ಣಿ ಯಾರಿಗೂ ಬಿಟ್ಟುಕೊಡಲಿಲ್ಲ. ರೋಹಿಣಿ ಮಳೆ ಬೀಳುವ ಹೊತ್ತಿಗೆ ಒಂದೇ ಒಂದು ಟೊಂಗೆ ತುಂಬ ಹೂ ಬಿಟ್ಟಿತು. ಓಣಿಯವರೆಲ್ಲ ಬಂದು ನೋಡಿ ಹೋದರು.

ಅದೇ ವಾರ ಹೊಲದಲ್ಲಿ ಸಸಿಮಡಿ. ಈ ಸಲವೂ ಅಕ್ಕ ಬುತ್ತಿಗಂಟು ಹಿಡಿದು ಬದುವಿನ ಮೇಲೆ ನಿಂತಳು, ನಾನು ಅವಳ ಪಕ್ಕದಲ್ಲಿ. ನೆಗೆಣ್ಣಿ ಬೀಜದ ಬುಟ್ಟಿ ಹಿಡಿದು ಮಡಿಗೆ ಹೋಗದೆ ನೇರ ನಮ್ಮ ಹತ್ತಿರ ಬಂದಳು.

"ಅಕ್ಕಾರ, ನೀವ ಹಾಕ್ರಿ," ಎಂದಳು. "ನಾ ಕೊಂದದ್ದನ್ನ ನೀವು ಬದುಕಿಸೀರಿ. ಇನ್ನ ನಿಮ್ಮ ಕೈ ಬಿಟ್ಟು ನಾ ಹೆಂಗ ಹಾಕ್ಲಿ?"

ಮೈದುನ ಹಿರಿಯರ ಮಾತು ತೆಗೆಯಲು ಬಾಯಿ ತೆರೆದ. ನೆಗೆಣ್ಣಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕ ಬುಟ್ಟಿಗೆ ಕೈಹಾಕಿ ಒಂದಿಷ್ಟು ಬೀಜವನ್ನು ಬೆರಳಲ್ಲಿ ಆಡಿಸಿದಳು.

"ಹ್ವಾದ ವರ್ಷ ನೀ ಹಾಕಿದ್ದೂ ಚಲೋನ ಹುಟ್ಟಿತ್ತಲ್ಲವಾ," ಎಂದಳು. "ಕೈಯಾಗೇನೂ ಇರೂದಿಲ್ಲ. ನನ್ನ ಯಾರೂ ಕರೀಲಿಲ್ಲಲ್ಲ, ಅದ ಸಂಕಟ ಆಗಿತ್ತು."

ಹಾಗೆಂದು ಬುತ್ತಿಗಂಟನ್ನು ನನ್ನ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಡಿಗೆ ಇಳಿದಳು.