ಕಡಲ ಗುಡ್ಡಕ್ಕೆ ಹರಪನಹಳ್ಳಿಯ ಒಡ್ಡು

ನನ್ನ ಸೋದರಮಾವನಿಗೆ ‘ಸಸ್ಟೇನಬಲ್’ ಎಂಬ ಶಬ್ದ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಸಿಕ್ಕ ಮೇಲೆ ಮಾತ್ರ ಬಿಡಲಿಲ್ಲ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿ ಚೆನ್ನಾಗಿ ಗಳಿಸಿದ ಮನುಷ್ಯ. ಕುಮಟಾದ ಹತ್ತಿರ ಕಡಲಿಗೆ ಮುಖ ಮಾಡಿದ ಗುಡ್ಡದ ಇಳಿಜಾರೊಂದನ್ನು ಕೊಂಡು, ರಜೆಗೆ ಬರುವವರಿಗಾಗಿ ಅಲ್ಲಿ ಆರು ವಿಲ್ಲಾ ಕಟ್ಟಿಸುತ್ತೇನೆ ಎಂದು ಹೊರಟ. ನಕ್ಷೆ ಮಾಡುವವಳು ನಾನು. ಅಕ್ಕನ ಮಗಳು ಆರ್ಕಿಟೆಕ್ಟ್ ಆಗಿ ಊರಲ್ಲೇ ಆಫೀಸು ಇಟ್ಟುಕೊಂಡಿರುವಾಗ ಹೊರಗಿನವರು ಯಾಕೆ ಅಂತ ಅವನ ಲೆಕ್ಕ.

ಮೊದಲು ಅವನು ಕೇಳಿದ್ದು ಮಣ್ಣಿನ ಮಾಳಿಗೆ ಮನೆಗಳನ್ನು. ದಪ್ಪ ಗೋಡೆ, ಮರದ ಜಂತೆ, ಮೇಲೆ ಸಪಾಟಾಗಿ ಮಣ್ಣು ಬಡಿದ ಮಾಳಿಗೆ. ಅಜ್ಜ ಕಟ್ಟಿದ ಇಂಥದ್ದೇ ಮನೆ ಊರಲ್ಲಿ ನಮಗಿತ್ತು. ನಡು ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಅದನ್ನು ಇದೇ ಮಹಾಶಯ ಕೆಡವಿಸಿ, ಆರ್‌ಸಿಸಿ ಹಾಕಿಸಿ, ಮುಂದೆ ನೀಲಿ ಗಾಜು ಹಚ್ಚಿಸಿ ಇನ್ನೂ ವರ್ಷ ತುಂಬಿರಲಿಲ್ಲ. ತನಗೆ ನಾಚಿಕೆ ತಂದ ಮಣ್ಣು ಬೆಂಗಳೂರಿನವರಿಗೆ ಶೋಕಿ ಆಗುತ್ತದೆ ಎಂದು ಗೊತ್ತಾದ ಕೂಡಲೇ ಮಣ್ಣಿನ ಮೇಲೆ ಅವನಿಗೆ ಪ್ರೀತಿ ಉಕ್ಕಿತು. ಕರಾವಳಿಯ ಮಳೆಗೆ ನಮ್ಮ ಮಾಳಿಗೆ ಬೆಲ್ಲದಚ್ಚಿನಂತೆ ಕರಗುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಕೊನೆಗೆ ಯಾವುದೋ ಸಿನಿಮಾ ನಟಿ ಹೆಂಚಿನ ಮನೆಯ ಮುಂದೆ ನಿಂತ ಫೋಟೋ ನೋಡಿ ಒಪ್ಪಿಕೊಂಡ. ನನ್ನ ಐದು ವರ್ಷದ ಓದಿಗಿಂತ ಆ ನಟಿಯ ಸೀರೆ ಹೆಚ್ಚು ಕೆಲಸ ಮಾಡಿತು.

ನಾನು ಗುಡ್ಡವನ್ನು ಕಡಿಯಲಿಲ್ಲ. ಇಳಿಜಾರು ಇದ್ದ ಹಾಗೇ ಬಿಟ್ಟು, ಕಲ್ಲಿನ ಕಂಬಗಳ ಮೇಲೆ ಒಂದೊಂದೇ ವಿಲ್ಲಾ ಕೂರಿಸಿದೆ. ಮಳೆಗಾಲದಲ್ಲಿ ಮೇಲಿಂದ ನೀರು ಇಳಿಯುವ ಎರಡು ಕಾಲುವೆಗಳಿದ್ದವು, ಅವನ್ನು ಮುಟ್ಟಲಿಲ್ಲ. ಬೇಸಿಗೆಗೆಂದು ಹೆಂಚಿನ ನೀರನ್ನು ಮುಚ್ಚಿದ ತೊಟ್ಟಿಗೆ ಇಳಿಸಿದೆ. ಆ ಇಡೀ ಜಾಗದಲ್ಲಿ ಪರಿಸರಕ್ಕೆ ಒಳ್ಳೆಯದು ಅಂತ ಏನಾದರೂ ಇದ್ದರೆ ಅಷ್ಟೇ. ಉಳಿದದ್ದು ಬಿದಿರಿನ ಸ್ಟ್ರಾ, ಮಣ್ಣಿನ ಸೋಪಿನ ತಟ್ಟೆ, ಬಾಗಿಲಲ್ಲಿ ತಾಮ್ರದ ಹಂಡೆ. ಇಡೀ ದಿನ ಎಸಿ ಕಾರಲ್ಲಿ ಬಂದು, ಎಸಿ ಹಾಕಿದ ಕೋಣೆಯಲ್ಲಿ ಮಲಗಿ, ಬಿದಿರಿನ ಸ್ಟ್ರಾದಲ್ಲಿ ಎಳನೀರು ಹೀರಿ ಭೂಮಿ ಉಳಿಸುವ ಮಂದಿಗೆ ಅವೆಲ್ಲ ಬೇಕಂತೆ. ಕೊಟ್ಟೆ.

ಜಗಳ ಬಂದದ್ದು ನೀರಿಗೆ. ನಕ್ಷೆಯಲ್ಲಿ ನಾನು ಹಾಕಿದ ಬಾಣದ ಗುರುತುಗಳ ಮೇಲೆ ಮಾವ ಬೆರಳಿಟ್ಟು, ಇವು ಏನು ಅಂತ ಕೇಳಿದ. ಮಳೆನೀರು ಹೊರಗೆ ಹೋಗುವ ದಾರಿ ಅಂದೆ. ಮನೆಯ ಬೆಳ್ಳಿ ತಟ್ಟೆಯನ್ನು ಯಾರೋ ತಿಪ್ಪೆಗೆ ಎಸೆದಂತೆ ಅವನ ಮುಖವಾಯಿತು.

ನಮ್ಮ ಕಡೆಯವರಿಗೆ ಇದು ರಕ್ತದಲ್ಲೇ ಬಂದದ್ದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಲ್ಲಿ ಹೋದರೂ ಇಷ್ಟೇ. ಬಿದ್ದ ನಾಕು ಹನಿ ಹೊಲ ದಾಟಬಾರದು. ಹೆಣ್ಣು ಕೊಡುವವರು ಹೊಲ ನೋಡಲು ಬಂದರೆ ಬೆಳೆಗಿಂತ ಮುಂಚೆ ಒಡ್ಡು ನೋಡುತ್ತಾರೆ. ಇಳಿಜಾರಿಗೆ ಅಡ್ಡಲಾಗಿ ಮಣ್ಣು ಏರಿಸಿ ನೀರು ನಿಲ್ಲಿಸದವನು ಸೋಮಾರಿ. ಇನ್ನೊಬ್ಬರ ಒಡ್ಡು ಒಡೆದವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ನಮ್ಮ ಓಣಿಯಲ್ಲಿ ಎರಡು ಮನೆಯವರು ಅಜ್ಜಂದಿರ ಕಾಲದ ಒಂದು ಒಡ್ಡಿನ ಸಲುವಾಗಿ ಇವತ್ತಿಗೂ ಮುಖ ತಿರುಗಿಸಿಕೊಂಡು ಓಡಾಡುತ್ತಾರೆ.

ಮಾವನಿಗೆ ಬಿಡಿಸಿ ಹೇಳಿದೆ. ಆ ಗುಡ್ಡದ ಮೇಲ್ಪದರ ಕೆಂಪುಕಲ್ಲು, ಕೆಳಗೆ ಮೆತ್ತನೆಯ ಜೇಡಿ. ನೀರು ಅಲ್ಲಿ ನಿಂತರೆ ಇಂಗಿ ಇಂಗಿ ಜೇಡಿ ಜಾರುತ್ತದೆ, ಗುಡ್ಡವೇ ಕುಸಿಯುತ್ತದೆ. ಇಳಿಜಾರಿನ ಬುಡದಲ್ಲಿ ಒಂದು ಮೀನುಗಾರರ ಮನೆ ಇದೆ, ಗಂಡ, ಹೆಂಡತಿ, ಹಾಸಿಗೆ ಹಿಡಿದ ಅತ್ತೆ, ಮೊದಲು ಹೋಗುವುದು ಅದೇ. ಅವನು ಎಲ್ಲ ಕೇಳಿ “ಆತು” ಅಂದ. ಮಾವನ “ಆತು” ಅಂದರೆ ನೀನು ಬಾಯಿ ಮುಚ್ಚು ಎಂದು ಅರ್ಥ.

ನಾನು ಊರಿಗೆ ಬಂದಾಗ ಜೆಸಿಬಿ ತರಿಸಿ, ವಿಲ್ಲಾಗಳ ಹಿಂದೆ ಅಡ್ಡಕ್ಕೆ ಒಡ್ಡು ಏರಿಸಿ, ಎರಡೂ ಕಾಲುವೆ ಮುಚ್ಚಿಸಿದ. ಆಮೇಲೆ ಫೋನು.

“ಇನ್ನ ಒಂದು ಹನಿ ಸೈತ ಸಮುದ್ರಕ್ಕ ಹೋಗಂಗಿಲ್ಲ ನೋಡವ್ವಾ.”

ಅವನ ದನಿಯಲ್ಲಿದ್ದ ಜಂಬ ಈಗಲೂ ಕಿವಿಯಲ್ಲಿದೆ. ಹೆಚ್ಚಾದ ನೀರು ಹೋಗಲು ಒಂದು ಪೈಪಾದರೂ ಇಡು ಅಂದೆ. ತೂತು ಇಟ್ಟು ಒಡ್ಡು ಹಾಕಿದವರನ್ನು ಎಲ್ಲಾದರೂ ನೋಡಿದ್ದೀಯಾ ಎಂದು ನಕ್ಕ. ಒಡ್ಡಿನ ಮೇಲೆ ಬೆಂಚು ಬೇರೆ ಹಾಕಿಸಿದ, ಕೂತು ಧ್ಯಾನ ಮಾಡಲಿಕ್ಕಂತೆ.

ಜೂನ್ ಮಳೆ ಹಿಡಿದಾಗ ಹೋದೆ. ಕೆಳಗಿನ ಮನೆಯಾಕೆ ನನ್ನನ್ನು ಕಂಡು ಒಳಗೆ ಕರೆದಳು. ಅಡುಗೆಮನೆಯ ಹಿಂದಿನ ಗೋಡೆಯ ಬುಡದಿಂದ ಕೆಂಪು ನೀರು ಜಿನುಗುತ್ತಿತ್ತು. ಗೋಣಿಚೀಲ ಒತ್ತಿ ಒತ್ತಿ ಅವಳಿಗೆ ಸಾಕಾಗಿತ್ತು. ಪ್ರತಿ ವರ್ಷ ಅಂಗಳದ ಪಕ್ಕದ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಾ ಇಳಿಯುತ್ತಿತ್ತಂತೆ, ಈ ವರ್ಷ ಅದು ಒಣಗಿ ಬಿದ್ದಿದೆ ಅಂದಳು. ಮಳೆಯಲ್ಲೇ ಗುಡ್ಡ ಹತ್ತಿದೆ. ಒಡ್ಡಿನ ಹಿಂದೆ ನೀರು ಅಂಚಿಗೆ ಬಂದಿತ್ತು. ಒಡ್ಡಿಗೂ ಆ ಮನೆಗೂ ನಡುವೆ ನೆಲ ಉದ್ದಕ್ಕೆ ಬಿರಿದಿತ್ತು, ನನ್ನ ಕೈ ಒಳಗೆ ಹೋಯಿತು.

ಇಳಿದು ಬಂದು, ಈಗಿಂದೀಗಲೇ ಮನೆ ಬಿಡಿ ಅಂದೆ. ಗಂಡ ಬಲೆ, ದೋಣಿ ಅಂತ ತಡಮಾಡಿದ. ಹೆಂಡತಿ ತಡಮಾಡಲಿಲ್ಲ, ಅತ್ತೆಯನ್ನು ರಿಕ್ಷಾಕ್ಕೆ ಹತ್ತಿಸಿ ತಂಗಿಯ ಮನೆಗೆ ಹೊರಟಳು. ಬಲೆ ಹೊತ್ತು ಗಂಡನೂ ಹಿಂದೆ ಹೋದ. ಆಮೇಲೆ ಮಾವನಿಗೆ ಫೋನ್ ಮಾಡಿ ಒಡ್ಡು ಒಡೆಯುತ್ತಿದ್ದೇನೆ ಎಂದೆ.

“ಒಡದಿ ಅಂದ್ರ ನನ್ನ ಹೊಸ್ತಿಲ ತುಳಿಬ್ಯಾಡ,” ಅಂದು ಫೋನಿಟ್ಟ.

ಕೆಲಸಕ್ಕಿದ್ದವರೆಲ್ಲ ನಾನೇ ಕೂಡ್ಲಿಗಿ ಕಡೆಯಿಂದ ಕರೆತಂದ ಗೌಂಡಿಗಳು, ಕೂಲಿಯವರು. ಸನಿಕೆ ಹಿಡಿದು ಸಾಲಾಗಿ ನಿಂತರು, ಒಬ್ಬನೂ ಕೈ ಎತ್ತಲಿಲ್ಲ. ಬಿರುಕು ತೋರಿಸಿದೆ, ಖಾಲಿ ಮನೆ ತೋರಿಸಿದೆ. ಎಲ್ಲಕ್ಕೂ ತಲೆಯಾಡಿಸಿ ನೆಲ ನೋಡಿದರು. ಕೊನೆಗೆ ಅವರಲ್ಲಿ ಹಿರಿಯನಾದವನು ಬಾಯಿಬಿಟ್ಟ.

“ಮೊದಲ ಏಟು ನೀವ ಹಾಕ್ರಿ ಮೇಡಂ. ಮಂದಿ ಒಡ್ಡಿಗೆ ನಾವು ಮೊದಲ ಕೈ ಹಚ್ಚಂಗಿಲ್ಲ.”

ಗುಡ್ಡ ಜಾರುತ್ತಿರುವಾಗಲೂ ಪಾಪ ಯಾರ ತಲೆಗೆ ಎಂಬ ಯೋಚನೆ! ಸನಿಕೆ ಕಸಿದುಕೊಂಡು ಒಡ್ಡಿನ ಬಡಗಣ ತುದಿಗೆ, ಹಳೆಯ ಕಾಲುವೆಯ ಬಾಯಿಗೆ ಹೊಡೆದೆ. ಮಣ್ಣು ಒಂದು ಹಿಡಿಯಷ್ಟು ಎದ್ದಿರಬೇಕು. ಅಷ್ಟು ಸಾಕಾಯಿತು, ಎಲ್ಲರೂ ಮೈಮುರಿದು ಕೆಲಸಕ್ಕಿಳಿದರು. ಒಮ್ಮೆಲೇ ನುಗ್ಗದಂತೆ ಕಲ್ಲು ಹಾಸಿ, ಸ್ವಲ್ಪ ಸ್ವಲ್ಪವೇ ಕಡಿಸಿ ನೀರು ಇಳಿಸಿದೆವು. ಸಂಜೆ ಹೊತ್ತಿಗೆ ಅದು ಕೆಂಪಗೆ ಸದ್ದು ಮಾಡುತ್ತಾ ಕಡಲಿಗೆ ಹೋಗುತ್ತಿತ್ತು. ಬಿರುಕು ಮುಂದೆ ಬೆಳೆಯಲಿಲ್ಲ. ಮಳೆ ಕಡಿಮೆಯಾದ ಮೇಲೆ ಆ ಮನೆಯವರು ವಾಪಸು ಬಂದರು.

ಮಾವ ಮಾತು ಬಿಟ್ಟ. ಬಂಧುಬಳಗದಲ್ಲೆಲ್ಲ ನನಗೆ ಒಡ್ಡು ಒಡೆದಾಕಿ ಎಂದು ಹೆಸರಿಟ್ಟ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಮೈಲಾರದ ಜಾತ್ರೆಯ ಜನಜಂಗುಳಿ ದಾಟಿಸಿದವನು ಇವನೇ ಎಂದು ನೆನಪಾದಾಗ ಸಂಕಟವಾಗುತ್ತಿತ್ತು. ಆ ಸಂಕಟ ಬಹಳ ಹೊತ್ತು ಇರದಂತೆ ಅವನೇ ನೋಡಿಕೊಂಡ. ನಾನು ಬಿಡಿಸಿದ ಕಾಲುವೆಯನ್ನು ವಿಲ್ಲಾದ ಜಾಹೀರಾತಿನಲ್ಲಿ ‘ನೈಸರ್ಗಿಕ ಝರಿ’ ಎಂದು ಹಾಕಿಸಿದ. ಮಂದಿ ಅದರಲ್ಲಿ ಕಾಲು ಇಳಿಬಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ವಿಲ್ಲಾಗಳ ಪ್ರವೇಶದ ದಿನ ಮಾವನ ಹೆಂಡತಿಯ ಒತ್ತಾಯಕ್ಕೆ ಹೋದೆ. ಮಾವ ಪಡಸಾಲೆಯಲ್ಲಿ ನಿಂತು ಬೀಗರಿಗೆ ಕಡಲು ತೋರಿಸುತ್ತಿದ್ದ. ನನ್ನನ್ನು ಕಂಡು ದನಿ ಏರಿಸಿದ.

“ಆ ಕೆಳಗಿನ ಮನಿ ನೋಡ್ರಿ. ಎಂಥಾ ಮಳಿ ಹೊಡೀತು, ಒಂದು ಹೆಂಚು ಸೈತ ಅಲುಗಿಲ್ಲ. ಅದು ಬೀಳ್ತೈತಿ ಅಂತ ನನ್ನ ಒಡ್ಡು ಒಡದಾಳ ಈಕಿ.”

ಬೀಗರು ನಕ್ಕರು. ನಾನೂ ಕೆಳಗೆ ನೋಡಿದೆ. ಅಂಗಳದಲ್ಲಿ ಮೀನು ಒಣಗಲು ಹಾಕಿತ್ತು, ಮನೆಯಾಕೆ ಕಾಗೆ ಓಡಿಸುತ್ತಾ ಕೂತಿದ್ದಳು. ನಾನು ಹೇಳಿದ್ದು ನಿಜ ಎಂದು ಮಾವ ಒಪ್ಪಬೇಕಾಗಿದ್ದರೆ ಆ ಮನೆ ಬೀಳಬೇಕಾಗಿತ್ತು. ಅವನು ಸಾಯುವ ತನಕ ಒಪ್ಪದೇ ಇರಲಿ. ಒಳಗೆ ಎಲೆ ಹಾಕಿದ್ದರು, ಹೋಗಿ ಊಟಕ್ಕೆ ಕೂತೆ.